ಎರಡು ವಾರದ ಕೆಮ್ಮು, ಆರು ತಿಂಗಳ ಮಾತ್ರೆ
(ಆರೋಗ್ಯ ಅಂಕಣ)



ಈ ಸಂಚಿಕೆಯಲ್ಲಿ ಮಳೆಗಾಲದ ಕಾಯಿಲೆಗಳ ಬಗ್ಗೆ ಬರೆಯುತ್ತೇನೆಂದು ಕಳೆದ ಬಾರಿ ಮಾತು ಕೊಟ್ಟಿದ್ದೆ. ಅದನ್ನು ಒಂದು ತಿಂಗಳ ಮಟ್ಟಿಗೆ ಮುಂದೂಡಿದ್ದೇನೆ, ಕ್ಷಮಿಸಿ. ಕಾರಣ, ಸಂಘದ ಕಚೇರಿಗೆ ನನ್ನ ಹೆಸರಿಗೆ ಬಂದ ಒಂದು ಪತ್ರ. ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಬರೆದ ಪತ್ರ. ಹೆಸರು, ವಿಳಾಸ ಇರಲಿಲ್ಲ. ಅದರ ಸಾರಾಂಶ ಇಷ್ಟು:

"ಅಂಕಲ್, ನನಗೆ 21 ವರ್ಷ. ಕಾಲೇಜಿನಲ್ಲಿ ಕೊನೆಯ ವರ್ಷ. ಮೂರು ತಿಂಗಳ ಹಿಂದೆ ನನಗೆ ಟೀಬಿ ಎಂದು ಗೊತ್ತಾಯಿತು. ಅಂದಿನಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಈಗ ಕೆಮ್ಮಿಲ್ಲ, ಜ್ವರವಿಲ್ಲ, ತೂಕ ನಾಲ್ಕು ಕಿಲೋ ಹೆಚ್ಚಾಗಿದೆ. ಮುಂದಿನ ತಿಂಗಳು ಊರಿನಿಂದ ನನ್ನನ್ನು ನೋಡಲು ಬರುತ್ತಾರಂತೆ. 'ಗುಣವಾಯಿತಲ್ಲ, ಇನ್ನು ಮಾತ್ರೆ ಸಾಕು, ಆ ಡಬ್ಬಿ ಮನೆಯಲ್ಲಿ ಯಾರ ಕಣ್ಣಿಗೂ ಬೀಳಬಾರದು' ಎಂದು ಅಮ್ಮ ಹೇಳುತ್ತಾಳೆ. ನನಗೂ ಸಾಕಾಗಿದೆ. ನಿಲ್ಲಿಸಬಹುದೇ?"

ಪತ್ರ ಬರೆದ ಮಗಳೇ, ನಿನಗೆ ಮೊದಲು ಉತ್ತರ ಕೊಟ್ಟು ಆಮೇಲೆ ಉಳಿದವರೊಡನೆ ಮಾತಾಡುತ್ತೇನೆ. ನಿಲ್ಲಿಸಬೇಡ. ನಿನ್ನ ಡಾಕ್ಟರು "ಸಾಕು" ಎನ್ನುವ ತನಕ ಒಂದು ದಿನವೂ ತಪ್ಪಿಸಬೇಡ. ಯಾಕೆ ಎಂಬುದನ್ನು ಈ ಅಂಕಣ ಮುಗಿಯುವುದರೊಳಗೆ ಹೇಳುತ್ತೇನೆ. ಓದಿ ಮುಗಿಸಿ ನಿನ್ನ ಅಮ್ಮನ ಕೈಗೂ ಕೊಡು.

ಉಳಿದ ಮಿತ್ರರೇ, "ಇದು ನಮಗೇಕೆ? ಟೀಬಿ ಅಜ್ಜನ ಕಾಲದ ಕಾಯಿಲೆಯಲ್ಲವೇ?" ಎಂದು ಪುಟ ತಿರುಗಿಸಬೇಡಿ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ನಮ್ಮ ದೇಶದವರು. ಅವರಲ್ಲಿ ಬಹಳಷ್ಟು ಜನ ದುಡಿಯುವ ವಯಸ್ಸಿನವರು, ಎಂದರೆ ನಿಮ್ಮ ಮತ್ತು ನಿಮ್ಮ ಅಣ್ಣಂದಿರ ವಯಸ್ಸಿನವರು. ನಟ ಅಮಿತಾಭ್ ಬಚ್ಚನ್ ತಮಗೆ 2000ದಲ್ಲಿ ಕ್ಷಯ ತಗಲಿತ್ತು, ಔಷಧಿ ತಗೊಂಡು ಪೂರ್ತಿ ಗುಣವಾದೆ ಎಂದು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ಬಂಗಲೆಯಲ್ಲಿರುವವರಿಗೂ ಬರುವ ರೋಗ ಚಾಳಿನಲ್ಲಿರುವವರಿಗೂ, ಬ್ಲಾಕಿನಲ್ಲಿರುವವರಿಗೂ ಬರುತ್ತದೆ.

ರೋಗ ಹರಡುವ ಬಗೆ

ಕ್ಷಯ ಪಾಪದ ಫಲವಲ್ಲ, ವಂಶದಲ್ಲಿ ಇಳಿದು ಬರುವುದೂ ಅಲ್ಲ. ಅದು ಒಂದು ರೋಗಾಣುವಿನಿಂದ ಬರುತ್ತದೆ ಎಂಬುದನ್ನು ಜರ್ಮನಿಯ ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಪ್ರಕಟಿಸಿದರು. ಅದರ ನೆನಪಿಗೆ ಇಂದಿಗೂ ಮಾರ್ಚ್ 24 ವಿಶ್ವ ಕ್ಷಯರೋಗ ದಿನ.

ಶ್ವಾಸಕೋಶದ ಕ್ಷಯವಿದ್ದು ಇನ್ನೂ ಚಿಕಿತ್ಸೆ ಆರಂಭವಾಗದ ವ್ಯಕ್ತಿ ಕೆಮ್ಮಿದಾಗ ಕಣ್ಣಿಗೆ ಕಾಣದ ಹನಿಗಳು ಗಾಳಿಗೆ ಸೇರುತ್ತವೆ. ಗಾಳಿಯಾಡದ ಕೋಣೆಯಲ್ಲಿ ಅವು ಗಂಟೆಗಟ್ಟಲೆ ತೇಲಾಡಬಹುದು. ಅದನ್ನು ಉಸಿರಾಡಿದವರ ಒಳಗೆ ರೋಗಾಣು ಹೋಗಿ ಕೂರುತ್ತದೆ. ತಟ್ಟೆ, ಲೋಟ, ಬಟ್ಟೆ, ಕೈಕುಲುಕುವುದು, ಒಂದೇ ಬಚ್ಚಲು ಬಳಸುವುದು, ಇವುಗಳಿಂದ ಕ್ಷಯ ಬರುವುದಿಲ್ಲ. ಆದ್ದರಿಂದ ಮನೆಯಲ್ಲಿ ರೋಗಿಗೆ ಬೇರೆ ತಟ್ಟೆ ಇಡುವ ಪದ್ಧತಿಯಿಂದ ಯಾರಿಗೂ ಪ್ರಯೋಜನವಿಲ್ಲ, ರೋಗಿಯ ಮನಸ್ಸು ನೋಯುವುದಷ್ಟೇ. ಬೇರೆ ತಟ್ಟೆಗಿಂತ ತೆರೆದ ಕಿಟಕಿ ಸಾವಿರ ಪಾಲು ಮೇಲು.

ರೋಗಾಣು ಒಳಗೆ ಹೋದವರೆಲ್ಲ ರೋಗಿಗಳಾಗುವುದಿಲ್ಲ. ನಮ್ಮ ದೇಹ ಅದನ್ನು ಸುತ್ತುವರಿದು ಸೆರೆಯಲ್ಲಿಡುತ್ತದೆ. ಹೀಗೆ ಸೋಂಕು ತಗಲಿದ ನೂರು ಜನರಲ್ಲಿ ಜೀವಮಾನದಲ್ಲಿ ರೋಗ ಕಾಣಿಸಿಕೊಳ್ಳುವುದು 5ರಿಂದ 10 ಜನರಿಗೆ. ಊಟ ಸಾಲದೆ ಸೊರಗಿದವರು, ಸಕ್ಕರೆ ಕಾಯಿಲೆಯವರು, ಬೀಡಿ ಸಿಗರೇಟು ಮತ್ತು ಕುಡಿತದ ಅಭ್ಯಾಸದವರು, ಎಚ್‌ಐವಿ ಸೋಂಕು ಇರುವವರು, ಇವರಲ್ಲಿ ಆ ಸೆರೆ ಬೇಗ ಮುರಿಯುತ್ತದೆ.

ನನ್ನ ಒಂದು ತಪ್ಪು

ಪರೀಕ್ಷೆಯ ವಿಷಯಕ್ಕೆ ಬರುವ ಮುನ್ನ ನನ್ನದೇ ಒಂದು ತಪ್ಪನ್ನು ಹೇಳಬೇಕು. 1994ರ ಮಾತು. ಈ ಉಪನಗರದಲ್ಲಿ ನಾನು ದವಾಖಾನೆ ತೆರೆದು ನಾಲ್ಕು ವರ್ಷವಾಗಿತ್ತು. ಹೋಟೆಲಿನಲ್ಲಿ ಕೆಲಸ ಮಾಡುವ ಊರಿನ ಹುಡುಗ ಒಬ್ಬ ಬಂದ. ಹತ್ತೊಂಬತ್ತು ವರ್ಷವಿರಬೇಕು. ಹಗಲು ಹೋಟೆಲು, ರಾತ್ರಿ ಕನ್ನಡ ರಾತ್ರಿ ಶಾಲೆ. ಹೋಟೆಲಿನ ಮಾಳಿಗೆಯ ಖೋಲಿಯಲ್ಲಿ ಹನ್ನೊಂದು ಜನರ ಜೊತೆ ಮಲಗುತ್ತಿದ್ದ. "ಡಾಕ್ಟ್ರೇ, ಕೆಮ್ಮು ಬಿಡುವುದಿಲ್ಲ, ಗಿರಾಕಿಗಳ ಎದುರು ಕೆಮ್ಮಿದರೆ ಸೇಠರು ಬೈಯುತ್ತಾರೆ" ಎಂದ. ನಾನು ಕೆಮ್ಮಿನ ಸಿರಪ್ಪು, ಐದು ದಿನದ ಆ್ಯಂಟಿಬಯೋಟಿಕ್ ಕೊಟ್ಟೆ. ಎರಡು ವಾರ ಬಿಟ್ಟು ಮತ್ತೆ ಬಂದ. ಬೇರೆ ಆ್ಯಂಟಿಬಯೋಟಿಕ್ ಬರೆದೆ. ಮೂರನೆಯ ಸಲ ಬಂದಾಗ ಅವನ ಕರವಸ್ತ್ರದಲ್ಲಿ ರಕ್ತವಿತ್ತು. ಆಗ ಎಕ್ಸ್‌ರೇ ಮಾಡಿಸಿದೆ, ಕಫ ಕಳುಹಿಸಿದೆ. ಅಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು.

ಮೊದಲ ದಿನವೇ ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ನಾನು ಕೇಳಲಿಲ್ಲ: "ಎಷ್ಟು ದಿನದಿಂದ ಕೆಮ್ಮು?"

ಚಿಕಿತ್ಸೆ ಶುರುವಾಯಿತು. ಮೂರು ತಿಂಗಳಲ್ಲಿ ಹುಡುಗ ದುಂಡಗಾದ. "ಊರಿಗೆ ಹೋಗಿ ಬರುತ್ತೇನೆ" ಎಂದು ಹೋದವನು ಅಲ್ಲಿ ಮಾತ್ರೆ ಬಿಟ್ಟುಬಿಟ್ಟ. ಗುಣವಾಯಿತು ಎಂದು ಅವನಿಗೂ ಅನ್ನಿಸಿತ್ತು, ಮನೆಯವರಿಗೂ ಅನ್ನಿಸಿತ್ತು. ಒಂದು ವರ್ಷದ ಮೇಲೆ ಹಿಂತಿರುಗಿ ಬಂದಾಗ ಆ ಮಾತ್ರೆಗಳು ಅವನ ಮೇಲೆ ಕೆಲಸ ಮಾಡಲಿಲ್ಲ. ಅವನು ಉಳಿಯಲಿಲ್ಲ. ಅದೇ ಖೋಲಿಯ ಇನ್ನಿಬ್ಬರಿಗೂ ರೋಗ ತಗಲಿತ್ತು. ಅವರು ಪೂರ್ತಿ ಔಷಧಿ ತಗೊಂಡರು, ಗುಣವಾದರು. ಒಬ್ಬ ಈಗಲೂ ವರ್ಷಕ್ಕೊಮ್ಮೆ ಬಂದು ಮಾತಾಡಿಸಿ ಹೋಗುತ್ತಾನೆ.

ಇಂಥ ತಪ್ಪು ನನ್ನೊಬ್ಬನದಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅಲ್ಲಿನ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಇಬ್ಬರು ತುಮಕೂರು ಜಿಲ್ಲೆಯಲ್ಲಿ ಮನೆಮನೆಗೆ ಹೋಗಿ ವಿಚಾರಿಸಿ, 1963ರಲ್ಲಿ ಒಂದು ವರದಿ ಪ್ರಕಟಿಸಿದರು. ಹಳ್ಳಿಯ ಜನ ಅಜ್ಞಾನಿಗಳು, ಆಸ್ಪತ್ರೆಗೆ ಬರುವುದಿಲ್ಲ ಎಂದು ಎಲ್ಲರೂ ದೂರುತ್ತಿದ್ದ ಕಾಲ ಅದು. ಅವರಿಗೆ ಕಂಡದ್ದು ಬೇರೆ. ರೋಗಲಕ್ಷಣವಿದ್ದ ಹೆಚ್ಚಿನವರಿಗೆ ತಮ್ಮ ಕಾಯಿಲೆಯ ಚಿಂತೆ ಇತ್ತು, ಅರ್ಧಕ್ಕಿಂತ ಹೆಚ್ಚು ಜನ ಸರಕಾರಿ ಆಸ್ಪತ್ರೆಗೂ ಹೋಗಿಬಂದಿದ್ದರು. ಆದರೆ ಅಲ್ಲಿ ಅವರ ಕೈಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ಮೂವತ್ತು ವರ್ಷಗಳ ಮೇಲೆ ನಾನೂ ಅದನ್ನೇ ಕೊಟ್ಟೆ.

ಆದ್ದರಿಂದ ನೀವು ಡಾಕ್ಟರರ ಎದುರು ಕೂತಾಗ ಅವರು ಕೇಳದಿದ್ದರೂ ನೀವೇ ಹೇಳಿ: "ಕೆಮ್ಮು ಶುರುವಾಗಿ ಇಷ್ಟು ದಿನವಾಯಿತು. ಕಫ ಪರೀಕ್ಷೆ ಬೇಕೇ?" ಹೀಗೆ ಕೇಳಿದರೆ ಯಾವ ಒಳ್ಳೆಯ ಡಾಕ್ಟರೂ ಸಿಟ್ಟು ಮಾಡಿಕೊಳ್ಳುವುದಿಲ್ಲ.

ಪರೀಕ್ಷೆ ಹೇಗೆ?

ಎರಡು ವಾರ ಅಥವಾ ಹೆಚ್ಚು ದಿನದಿಂದ ಕೆಮ್ಮು, ಸಂಜೆ ಹೊತ್ತು ಬರುವ ಸಣ್ಣ ಜ್ವರ, ರಾತ್ರಿ ಬೆವರು, ಹಸಿವಿಲ್ಲದಿರುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಕಫದಲ್ಲಿ ರಕ್ತ. ಇವುಗಳಲ್ಲಿ ಒಂದಿದ್ದರೂ ಪರೀಕ್ಷೆ ಆಗಬೇಕು. ಎಲ್ಲವೂ ಕೂಡಿ ಬರಲಿ ಎಂದು ಕಾಯಬಾರದು. "ಲೋಕಲ್ ಗಾಡಿಯ ಧೂಳು", "ಎಸಿಯ ಶೀತ", "ಪರೀಕ್ಷೆಗೆ ನಿದ್ದೆಗೆಟ್ಟು ಓದಿದ್ದಕ್ಕೆ ಸೊರಗಿದ್ದಾನೆ" ಎಂದು ಮನೆಯಲ್ಲಿ ಕಾರಣ ಹುಡುಕುತ್ತ ಕೂತರೆ ತಿಂಗಳು ಉರುಳಿಹೋಗುತ್ತದೆ.

ಮೊದಲ ಪರೀಕ್ಷೆ ಕಫದ್ದು. ಕಫವೆಂದರೆ ಬಾಯಿಯ ಎಂಜಲಲ್ಲ, ಎದೆಯ ಆಳದಿಂದ ಬರುವಂಥದು. ಬೆಳಿಗ್ಗೆ ಎದ್ದು ಬರೇ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಗ್ಯಾಲರಿಯಲ್ಲೋ ಅಂಗಳದಲ್ಲೋ ಬಯಲು ಗಾಳಿಯಲ್ಲಿ ನಿಂತು, ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದು, ಆಳದಿಂದ ಕೆಮ್ಮಿ ಡಬ್ಬಿಯಲ್ಲಿ ಹಾಕಬೇಕು. ನಾಚಿಕೆಯಿಂದ ಎಂಜಲು ಉಗುಳಿ ಕೊಟ್ಟರೆ ರೋಗವಿದ್ದರೂ "ಇಲ್ಲ" ಎಂದು ವರದಿ ಬರಬಹುದು. ಸಾಮಾನ್ಯವಾಗಿ ಎರಡು ಮಾದರಿ ಕೇಳುತ್ತಾರೆ, ಅದರಲ್ಲಿ ಒಂದು ಬೆಳಗಿನದು.

ಹಿಂದೆ ಕಫವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಮುಖ್ಯ ಪರೀಕ್ಷೆಯಾಗಿತ್ತು. ಅದು ಈಗಲೂ ಇದೆ. ಆದರೆ ರೋಗಾಣು ಬಹಳ ಇದ್ದರೆ ಮಾತ್ರ ಕಾಣಿಸುತ್ತದೆ. ಈಗ ಅದಕ್ಕಿಂತ ಚುರುಕಾದ ಪರೀಕ್ಷೆಗಳು ಬಂದಿವೆ. ಸಿಬಿನ್ಯಾಟ್ ಎಂಬ ಯಂತ್ರ ಕಫದಲ್ಲಿರುವ ರೋಗಾಣುವಿನ ಡಿಎನ್‌ಎಯನ್ನೇ ಹುಡುಕಿ ಸುಮಾರು ಎರಡು ಗಂಟೆಯಲ್ಲಿ ಉತ್ತರ ಹೇಳುತ್ತದೆ. ಜೊತೆಗೆ, ಮುಖ್ಯ ಔಷಧಿಯಾದ ರಿಫಾಂಪಿಸಿನ್ ಈ ರೋಗಾಣುವಿನ ಮೇಲೆ ಕೆಲಸ ಮಾಡುತ್ತದೋ ಇಲ್ಲವೋ ಎಂಬುದನ್ನೂ ತಿಳಿಸುತ್ತದೆ. ಇದೇ ಕೆಲಸ ಮಾಡುವ ಟ್ರೂನ್ಯಾಟ್ ಎಂಬ ಪುಟ್ಟ ಯಂತ್ರ ನಮ್ಮ ನೆರೆಯ ಗೋವೆಯ ಕಂಪನಿಯೊಂದು ತಯಾರಿಸಿದ್ದು. ಅದಕ್ಕೆ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆಯೂ ದೊರೆಯಿತು. ಇವೆರಡೂ ಸರಕಾರಿ ಕೇಂದ್ರಗಳಲ್ಲಿ ಉಚಿತ. ಖಾಸಗಿ ಡಾಕ್ಟರರ ಬಳಿ ಹೋದವರೂ ಈ ಪರೀಕ್ಷೆಯನ್ನು ಅಲ್ಲಿ ಮಾಡಿಸಿಕೊಳ್ಳಬಹುದು.

ಕಫವನ್ನು ಪ್ರಯೋಗಾಲಯದಲ್ಲಿ ಇಟ್ಟು ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಆದರೆ ಈ ರೋಗಾಣು ಬಹಳ ಮೆಲ್ಲಗೆ ಬೆಳೆಯುವುದರಿಂದ ಫಲಿತಾಂಶಕ್ಕೆ ಆರೇಳು ವಾರವೂ ಬೇಕಾಗಬಹುದು.

ಎಕ್ಸ್‌ರೇ ಬಹಳ ಉಪಯುಕ್ತ. ಕೆಮ್ಮಿಲ್ಲದವರಲ್ಲೂ ಕೆಲವೊಮ್ಮೆ ರೋಗದ ಸುಳಿವು ಕೊಡುತ್ತದೆ. ಆದರೆ ಎಕ್ಸ್‌ರೇಯಲ್ಲಿ ಕಾಣುವ ನೆರಳು ಕ್ಷಯದ್ದೇ ಎಂದು ಹೇಳಲಾಗುವುದಿಲ್ಲ. ನ್ಯುಮೋನಿಯಾ, ಹಳೆಯ ಗಾಯದ ಕಲೆ, ಗಡ್ಡೆ ಕೂಡ ಹಾಗೇ ಕಾಣಬಹುದು. ಆದ್ದರಿಂದ ಎಕ್ಸ್‌ರೇಯಲ್ಲಿ ಅನುಮಾನ ಬಂದರೆ ಕಫದಲ್ಲಿ ಖಾತ್ರಿ ಮಾಡಿಕೊಳ್ಳಬೇಕು.

ರಕ್ತದಲ್ಲಿ ಕ್ಷಯದ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆಗಳು ಒಂದು ಕಾಲದಲ್ಲಿ ಬಹಳ ನಡೆಯುತ್ತಿದ್ದವು. ಅವು ನಂಬಲರ್ಹವಲ್ಲವೆಂದು ಸರಕಾರ 2012ರಲ್ಲಿ ನಿಷೇಧಿಸಿತು. ಕೈಗೆ ಸೂಜಿ ಚುಚ್ಚಿ ಎರಡು ಮೂರು ದಿನ ಬಿಟ್ಟು ಬಾವು ಅಳೆಯುವ ಮಾಂಟೂ ಪರೀಕ್ಷೆ ಸೋಂಕು ಎಂದೋ ತಗಲಿದೆ ಎಂಬುದನ್ನು ಮಾತ್ರ ಹೇಳುತ್ತದೆ. ದೊಡ್ಡವರಲ್ಲಿ ಅದೊಂದನ್ನೇ ನಂಬಿ ಆರು ತಿಂಗಳ ಔಷಧಿ ಶುರು ಮಾಡುವುದು ಸರಿಯಲ್ಲ.

ಕ್ಷಯ ಶ್ವಾಸಕೋಶದಲ್ಲೇ ಇರಬೇಕೆಂದಿಲ್ಲ. ಕುತ್ತಿಗೆಯ ಗಂಟು, ಬೆನ್ನುಮೂಳೆ, ಹೊಟ್ಟೆ, ಮೆದುಳಿನ ಪೊರೆ, ಗರ್ಭಕೋಶ, ಎಲ್ಲಿ ಬೇಕಾದರೂ ಬರಬಹುದು. ಆಗ ಆ ಜಾಗದಿಂದ ಸೂಜಿಯಲ್ಲಿ ನೀರು ಅಥವಾ ಚೂರು ತೆಗೆದು ಪರೀಕ್ಷಿಸಬೇಕಾಗುತ್ತದೆ. ಇಂಥ ಕ್ಷಯ ಸಾಮಾನ್ಯವಾಗಿ ಇನ್ನೊಬ್ಬರಿಗೆ ಹರಡುವುದಿಲ್ಲ.

ಇನ್ನೊಂದು ಎಚ್ಚರಿಕೆ. ಕೆಮ್ಮಿಗೆಂದು ಮೆಡಿಕಲ್ ಅಂಗಡಿಯಿಂದ ನೀವೇ ಆ್ಯಂಟಿಬಯೋಟಿಕ್ ತಂದು ನುಂಗಬೇಡಿ. ಲೀವೊಫ್ಲಾಕ್ಸಾಸಿನ್‌ನಂಥವು ಕ್ಷಯದ ರೋಗಾಣುವನ್ನೂ ಸ್ವಲ್ಪ ಬಗ್ಗಿಸುತ್ತವೆ. ನಾಲ್ಕು ದಿನ ಹಾಯೆನಿಸುತ್ತದೆ, ರೋಗ ಅಡಗುತ್ತದೆ, ಪತ್ತೆಯಾಗುವುದು ತಡವಾಗುತ್ತದೆ.

ಚಿಕಿತ್ಸೆ ಆರು ತಿಂಗಳು ಯಾಕೆ?

ನನ್ನ ಅಜ್ಜಿಯ ಕಾಲದಲ್ಲಿ ಕ್ಷಯಕ್ಕೆ ಮದ್ದು ಎಂದರೆ ಒಳ್ಳೆಯ ಗಾಳಿ, ಹಾಲು, ಮೊಟ್ಟೆ ಮತ್ತು ಸ್ಯಾನಟೋರಿಯಂ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂದಾಗ ಎಲ್ಲರಿಗೂ ಸಂತೋಷವಾಯಿತು. ಆದರೆ ಅದೊಂದನ್ನೇ ಕೊಟ್ಟ ರೋಗಿಗಳಲ್ಲಿ ಅನೇಕರು ಮೊದಲು ಚೇತರಿಸಿಕೊಂಡು ಮತ್ತೆ ಕುಸಿದರು. ಕಾರಣ, ಕೋಟಿಗಟ್ಟಲೆ ರೋಗಾಣುಗಳಲ್ಲಿ ಕೆಲವಕ್ಕೆ ಒಂದು ಔಷಧಿಯನ್ನು ಜಯಿಸುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಉಳಿದವು ಸತ್ತಾಗ ಇವು ಬೆಳೆದು ರಾಜ್ಯವಾಳುತ್ತವೆ. ಅದಕ್ಕಾಗಿಯೇ ಈಗ ಒಟ್ಟಿಗೆ ಹಲವು ಔಷಧಿ ಕೊಡುವುದು. ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಕ್ಕಿಬೀಳುತ್ತದೆ.

ಸಾಮಾನ್ಯ ಕ್ಷಯಕ್ಕೆ ಮೊದಲ ಎರಡು ತಿಂಗಳು ನಾಲ್ಕು ಔಷಧಿ: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬ್ಯುಟಾಲ್. ನಂತರದ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಎಲ್ಲವೂ ಒಂದೇ ಮಾತ್ರೆಯಲ್ಲಿ ಸೇರಿರುತ್ತವೆ. ದಿನಕ್ಕೆ ಎಷ್ಟು ಮಾತ್ರೆ ಎಂಬುದು ರೋಗಿಯ ತೂಕದ ಮೇಲೆ. ಹಿಂದೆ ಸರಕಾರಿ ಕೇಂದ್ರಗಳಲ್ಲಿ ವಾರಕ್ಕೆ ಮೂರು ದಿನ ಕೊಡುತ್ತಿದ್ದರು. 2017ರಿಂದ ಪ್ರತಿದಿನ ಕೊಡುವ ಪದ್ಧತಿ ಬಂದಿದೆ. ಮೆದುಳು, ಮೂಳೆಯ ಕ್ಷಯಕ್ಕೆ ಆರು ತಿಂಗಳು ಸಾಲದು, ಇನ್ನೂ ಮುಂದುವರಿಸಬೇಕಾಗುತ್ತದೆ.

ಈಗ, ಪತ್ರ ಬರೆದ ಮಗಳೇ, ನಿನ್ನ ಪ್ರಶ್ನೆ. ಸಾಮಾನ್ಯ ರೋಗಾಣುಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಎರಡಾದರೆ, ಕ್ಷಯದ ರೋಗಾಣುವಿಗೆ ಅದಕ್ಕೆ ಹದಿನೈದು ಇಪ್ಪತ್ತು ಗಂಟೆ ಬೇಕು. ಔಷಧಿ ಚೆನ್ನಾಗಿ ತಾಗುವುದು ಬೆಳೆಯುತ್ತಿರುವ ರೋಗಾಣುವಿಗೆ. ಮೊದಲ ಕೆಲವು ವಾರಗಳಲ್ಲಿ ಚುರುಕಾಗಿದ್ದವು ಸಾಯುತ್ತವೆ. ಆಗಲೇ ಕೆಮ್ಮು ನಿಲ್ಲುತ್ತದೆ, ಜ್ವರ ಬಿಡುತ್ತದೆ, ಹಸಿವಾಗುತ್ತದೆ. ಆದರೆ ಒಂದಷ್ಟು ರೋಗಾಣುಗಳು ನಿದ್ದೆ ಮಾಡುತ್ತ ಉಳಿದಿರುತ್ತವೆ. ಅವು ಒಂದೊಂದಾಗಿ ಎಚ್ಚರಗೊಂಡಾಗ ಅಲ್ಲಿ ಔಷಧಿ ಇರಬೇಕು. ಮುಂದಿನ ತಿಂಗಳುಗಳ ಮಾತ್ರೆ ಅವಕ್ಕಾಗಿ. ನಿನಗೆ ಈಗ ಅನ್ನಿಸುತ್ತಿರುವ ಆರೋಗ್ಯ ನಿಜ, ಆದರೆ ಅದು ಅರ್ಧ ದಾರಿಯ ಆರೋಗ್ಯ. ಹೋಟೆಲಿನ ಆ ಹುಡುಗನೂ ಮೂರನೆಯ ತಿಂಗಳಲ್ಲೇ ನಿಲ್ಲಿಸಿದ್ದು.

ಚಿಕಿತ್ಸೆಯ ದಿನಚರಿ

ಔಷಧಿ ಆರಂಭಿಸುವ ಮುನ್ನ ತೂಕ ನೋಡುತ್ತಾರೆ, ರಕ್ತದಲ್ಲಿ ಸಕ್ಕರೆ, ಎಚ್‌ಐವಿ ಮತ್ತು ಅಗತ್ಯವಿದ್ದರೆ ಯಕೃತ್ತಿನ ಪರೀಕ್ಷೆ ಮಾಡುತ್ತಾರೆ. ಎಚ್‌ಐವಿ ಪರೀಕ್ಷೆ ಎಂದಾಗ ಗಾಬರಿ ಬೇಡ, ಅದು ಎಲ್ಲ ಕ್ಷಯರೋಗಿಗಳಿಗೂ ಮಾಡುವಂಥದು. 2012ರಿಂದ ಪ್ರತಿಯೊಬ್ಬ ಕ್ಷಯರೋಗಿಯ ವಿವರವನ್ನು ಸರಕಾರಕ್ಕೆ ತಿಳಿಸುವುದು ಖಾಸಗಿ ಡಾಕ್ಟರರಿಗೂ ಕಡ್ಡಾಯ. ನೆರೆಕರೆಗೆ ಸಾರುವುದಕ್ಕಾಗಿ ಅಲ್ಲ. ಔಷಧಿ ಮತ್ತು ಸಹಾಯಧನ ತಲುಪಲಿ, ನಡುವೆ ಯಾರೂ ಕೈತಪ್ಪಿ ಹೋಗದಿರಲಿ ಎಂದು.

ಮಾತ್ರೆ ಶುರುವಾದ ಮೇಲೆ ಮೂತ್ರ ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ರಿಫಾಂಪಿಸಿನ್ ಬಣ್ಣ, ರಕ್ತವಲ್ಲ, ಹೆದರಬೇಡಿ. ಕೈಕಾಲು ಜೋಮು ಬಂದರೆ ಬಿ6 ವಿಟಮಿನ್ ಕೊಡುತ್ತಾರೆ. ಕೀಲುನೋವು ಪೈರಾಜಿನಮೈಡಿನಿಂದ ಬರಬಹುದು. ಆದರೆ ಮೂರು ವಿಷಯಗಳಲ್ಲಿ ಅದೇ ದಿನ ಡಾಕ್ಟರರಲ್ಲಿಗೆ ಓಡಬೇಕು. ಕಣ್ಣು ಹಳದಿಯಾದರೆ, ತಡೆಯದ ವಾಂತಿ ಬಂದರೆ, ದೃಷ್ಟಿ ಮಂಜಾದರೆ ಅಥವಾ ಕೆಂಪು ಹಸಿರು ಬಣ್ಣಗಳ ವ್ಯತ್ಯಾಸ ತಿಳಿಯದಿದ್ದರೆ. ಯಕೃತ್ತಿಗೆ ಮೊದಲೇ ಹೊರೆಯಿರುವಾಗ ಬಿಯರು, ವಿಸ್ಕಿ ಯಾವುದೂ ಬೇಡ. ರಿಫಾಂಪಿಸಿನ್ ಬೇರೆ ಹಲವು ಔಷಧಿಗಳ ಬಲ ತಗ್ಗಿಸುತ್ತದೆ. ಗರ್ಭನಿರೋಧಕ ಗುಳಿಗೆಯೂ ಅದರಲ್ಲಿ ಒಂದು. ಮದುವೆಯಾದವರು ಇದನ್ನು ಡಾಕ್ಟರರೊಡನೆ ಸಂಕೋಚವಿಲ್ಲದೆ ಮಾತಾಡಿ.

ಒಂದು ದಿನ ಮರೆತರೆ ಮರುದಿನ ಎರಡು ಪಾಲು ನುಂಗಬೇಡಿ. ಎಂದಿನಂತೆ ಮುಂದುವರಿಸಿ, ಕೇಂದ್ರದವರಿಗೆ ತಿಳಿಸಿ. ಊರಿಗೆ ಹೋಗುವುದಿದ್ದರೆ ಮೊದಲೇ ಹೇಳಿದರೆ ಅಷ್ಟು ದಿನದ ಮಾತ್ರೆ ಕೊಡುತ್ತಾರೆ, ಅಥವಾ ಊರಿನ ಕೇಂದ್ರದಲ್ಲಿ ಸಿಗುವಂತೆ ವ್ಯವಸ್ಥೆ ಮಾಡುತ್ತಾರೆ. ಎರಡು ತಿಂಗಳ ಕೊನೆಗೆ ಮತ್ತು ಚಿಕಿತ್ಸೆಯ ಕೊನೆಗೆ ಮತ್ತೆ ಕಫ ಪರೀಕ್ಷೆ ಆಗಬೇಕು. "ಗುಣವಾಯಿತು" ಎಂದು ಹೇಳುವುದು ಕನ್ನಡಿಯಲ್ಲ, ಆ ವರದಿ.

ಔಷಧಿ ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆ? 2014ರಿಂದ 2016ರ ತನಕ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಹೊಸ ರೋಗಿಗಳಲ್ಲಿ ನೂರಕ್ಕೆ ಸುಮಾರು ಮೂವರಿಗೆ ಮುಖ್ಯವಾದ ಎರಡು ಔಷಧಿಗಳಿಗೂ ಬಗ್ಗದ ಕ್ಷಯವಿತ್ತು. ಹಿಂದೆ ಚಿಕಿತ್ಸೆ ತಗೊಂಡಿದ್ದವರಲ್ಲಿ ಈ ಸಂಖ್ಯೆ ಸುಮಾರು ಹನ್ನೆರಡು. ಅಂಥವರಿಗೆ ಮೊದಲು ಒಂದೂವರೆ ಎರಡು ವರ್ಷದ ಚಿಕಿತ್ಸೆ, ದಿನಾ ಇಂಜೆಕ್ಷನ್. ಅದರಿಂದ ಕಿವಿ ಕೇಳದೆ ಹೋದವರನ್ನು ನಾನು ನೋಡಿದ್ದೇನೆ. ಸಮಾಧಾನದ ಸಂಗತಿಯೆಂದರೆ, ಬೆಡಾಕ್ವಿಲಿನ್, ಪ್ರೆಟೊಮನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಾಸಿನ್ ಸೇರಿದ ಆರು ತಿಂಗಳ, ಬಾಯಿಯಲ್ಲಿ ನುಂಗುವ ಚಿಕಿತ್ಸೆಗೆ ನಮ್ಮ ಸರಕಾರ 2024ರಲ್ಲಿ ಒಪ್ಪಿಗೆ ನೀಡಿತು. ಆದರೂ ಅದು ಎಲ್ಲರಿಗೂ ಹೊಂದುವುದಿಲ್ಲ, ಸುಲಭವೂ ಅಲ್ಲ. ಮೊದಲ ಆರು ತಿಂಗಳನ್ನೇ ನೇರವಾಗಿ ಮುಗಿಸುವುದು ಜಾಣತನ.

ಮನೆ ಮತ್ತು ಊಟ

ರೋಗಿಯನ್ನು ಮನೆಯಿಂದ ದೂರವಿಡಬೇಕೇ? ಇದಕ್ಕೆ ಉತ್ತರ ಕೊಟ್ಟದ್ದು ನಮ್ಮ ದೇಶವೇ. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕೇಂದ್ರದಲ್ಲಿ ರೋಗಿಗಳನ್ನು ಎರಡು ಪಾಲು ಮಾಡಿ, ಕೆಲವರಿಗೆ ಸ್ಯಾನಟೋರಿಯಂನಲ್ಲಿ, ಉಳಿದವರಿಗೆ ಅವರ ಬಡ, ಇಕ್ಕಟ್ಟಾದ ಮನೆಗಳಲ್ಲೇ ಅದೇ ಔಷಧಿ ಕೊಟ್ಟರು. 1959ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ ಜಗತ್ತೇ ಬೆರಗಾಯಿತು. ಗುಣವಾದವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಮನೆಯಲ್ಲಿ ಚಿಕಿತ್ಸೆ ಪಡೆದವರ ಮನೆಮಂದಿಗೆ ರೋಗ ಹೆಚ್ಚಾಗಿ ತಗಲಿರಲೂ ಇಲ್ಲ. ಸರಿಯಾದ ಔಷಧಿ ಶುರುವಾದ ಕೆಲವೇ ವಾರಗಳಲ್ಲಿ ರೋಗಿಯಿಂದ ಹರಡುವುದು ಬಹಳ ಕಡಿಮೆಯಾಗುತ್ತದೆ. ಮನೆಮಂದಿಗೆ ಹೆಚ್ಚು ಅಪಾಯವಿರುವುದು ರೋಗ ಪತ್ತೆಯಾಗದೆ ಕಳೆದ ದಿನಗಳಲ್ಲಿ. ಅದಕ್ಕೇ ಮನೆಯ ಎಲ್ಲರ ತಪಾಸಣೆ ಆಗಬೇಕು. ರೋಗವಿಲ್ಲವೆಂದು ಖಾತ್ರಿಯಾದವರಿಗೆ, ಮುಖ್ಯವಾಗಿ ಐದು ವರ್ಷದೊಳಗಿನ ಮಕ್ಕಳಿಗೆ, ರೋಗ ಬಾರದಂತೆ ತಡೆಯುವ ಔಷಧಿಯೂ ಇದೆ.

"ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ" ಎಂಬ ಗಾದೆ ನಿಮ್ಮ ಅಜ್ಜಿಯ ಬಾಯಲ್ಲಿ ಕೇಳಿರಬಹುದು. ಕ್ಷಯದ ಮಟ್ಟಿಗೆ ಅದು ಅಕ್ಷರಶಃ ನಿಜ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡದಲ್ಲಿ ಒಂದು ದೊಡ್ಡ ಅಧ್ಯಯನ ನಡೆಸಿ 2023ರಲ್ಲಿ ಪ್ರಕಟಿಸಿತು. ರೋಗಿಗಳ ಮನೆಮಂದಿಗೆ ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ ಕೊಟ್ಟಾಗ, ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು ಶೇಕಡಾ 40ರಷ್ಟು ಕಡಿಮೆಯಾಯಿತು. ಸರಕಾರವೂ 2018ರಿಂದ ರೋಗಿಯ ಬ್ಯಾಂಕ್ ಖಾತೆಗೆ ತಿಂಗಳಿಗೆ 500 ರೂಪಾಯಿ ಪೋಷಣೆಗೆಂದು ಕೊಡುತ್ತಿತ್ತು. 2024ರ ನವೆಂಬರಿನಿಂದ ಅದನ್ನು 1000 ರೂಪಾಯಿಗೆ ಏರಿಸಿದೆ. ದುಬಾರಿ ಟಾನಿಕ್ ಬೇಡ. ಅನ್ನ, ಬೇಳೆ, ಮೊಟ್ಟೆ, ಮೀನು, ಹಾಲು, ನೆಲಗಡಲೆ ಸಾಕು. ಪಥ್ಯವೆಂದು ಗಂಜಿಯಲ್ಲೇ ಇಡಬೇಡಿ.

ಮದುವೆಯ ಮಾತು

ಮಗಳೇ, ನಿನ್ನ ಅಮ್ಮನ ಮೇಲೆ ನನಗೆ ಕೋಪವಿಲ್ಲ. "ಕ್ಷಯ" ಎಂಬ ಮಾತು ಕಿವಿಗೆ ಬಿದ್ದರೆ ಸಂಬಂಧ ಮುರಿದುಹೋಗುತ್ತಿದ್ದ ಕಾಲದಲ್ಲಿ ಬೆಳೆದವರು ಅವರು. ಅಮ್ಮನವರೇ, ನೀವೂ ಓದುತ್ತಿದ್ದರೆ ನನ್ನ ಮಾತು ಕೇಳಿ. ಪೂರ್ತಿ ಗುಣವಾದ ಹುಡುಗಿ ಎಲ್ಲರಂತೆ ಮದುವೆಯಾಗಬಹುದು, ಮಕ್ಕಳನ್ನು ಹೆರಬಹುದು, ದುಡಿಯಬಹುದು. ಅರ್ಧ ಗುಣವಾದ ಹುಡುಗಿಗೆ ಹೊಸ ಮನೆಯಲ್ಲಿ ರೋಗ ಮರುಕಳಿಸಿದರೆ, ಆಗ ಅಡಗಿಸುವುದಕ್ಕೆ ಡಬ್ಬಿ ಸಾಲದು. ನೋಡುವವರಿಗೆ "ಪರೀಕ್ಷೆ ಮುಗಿಯಲಿ, ಮೂರು ನಾಲ್ಕು ತಿಂಗಳು ಬಿಟ್ಟು ಬನ್ನಿ" ಎಂದರೆ ಯಾವ ಆಕಾಶವೂ ಬೀಳುವುದಿಲ್ಲ. ಮಾತು ಮುಂದುವರಿದರೆ ಹುಡುಗನಿಗೆ ಮಗಳೇ ಒಂದು ಸಲ ನೇರವಾಗಿ ಹೇಳಲಿ: "ನನಗೆ ಹೀಗಾಗಿತ್ತು, ಪೂರ್ತಿ ಔಷಧಿ ತಗೊಂಡೆ, ಗುಣವಾಯಿತು, ಇದೋ ವರದಿ." ಇದನ್ನು ಕೇಳಿ ಎದ್ದುಹೋಗುವವನು ನಾಳೆ ಇನ್ನಾವುದೋ ಜ್ವರಕ್ಕೂ ಎದ್ದುಹೋಗುವವನೇ. ಇದು ವೈದ್ಯನ ಮಾತಲ್ಲ, ಇಬ್ಬರು ಹೆಣ್ಣುಮಕ್ಕಳ ತಂದೆಯ ಮಾತು.

ನಿಮ್ಮಿಂದ ಆಗುವ ಕೆಲಸ

ಕೊನೆಗೆ ನಿಮ್ಮೆಲ್ಲರಿಗೂ ಒಂದು ಕೆಲಸ ಒಪ್ಪಿಸುತ್ತೇನೆ. ನಿಮಗೆ ಮರಾಠಿ ಬರುತ್ತದೆ, ಹಿಂದಿ ಬರುತ್ತದೆ, ಮನೆಯಲ್ಲಿ ಕನ್ನಡವೋ ತುಳುವೋ ಕೊಂಕಣಿಯೋ ಆಡುತ್ತೀರಿ. ಊರಿನಿಂದ ಹೊಸದಾಗಿ ಬಂದು ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ ದುಡಿಯುವ ಹುಡುಗನಿಗೆ ಮುನ್ಸಿಪಾಲಿಟಿ ದವಾಖಾನೆಯ ಕಿಟಕಿಯ ಮುಂದೆ ನಿಂತು ತನ್ನ ಕಾಯಿಲೆ ಹೇಳಿಕೊಳ್ಳಲು ಭಾಷೆ ಬರುವುದಿಲ್ಲ. ರಜೆ ಕೇಳಲು ಧೈರ್ಯವೂ ಇಲ್ಲ. ಅವನ ಕೆಮ್ಮು ಎರಡು ವಾರ ದಾಟಿದೆ ಎಂದು ಗೊತ್ತಾದರೆ ಒಂದು ಬೆಳಿಗ್ಗೆ ಅವನ ಜೊತೆ ಹೋಗಿ. ಕಫದ ಡಬ್ಬಿ ಹೇಗೆ ತುಂಬಬೇಕೆಂದು ಅವನ ಭಾಷೆಯಲ್ಲಿ ಹೇಳಿ. ಚಿಕಿತ್ಸೆ ಶುರುವಾದರೆ ಆರು ತಿಂಗಳು ವಾರಕ್ಕೊಮ್ಮೆ ಫೋನು ಮಾಡಿ "ಮಾತ್ರೆ ತಗೊಂಡೆಯಾ?" ಎಂದು ಕೇಳಿ. ಸಂದೇಹವಿದ್ದರೆ ಸರಕಾರದ ಉಚಿತ ಸಹಾಯವಾಣಿ 1800-11-6666ಕ್ಕೆ ಕರೆ ಮಾಡಬಹುದು.

1994ರಲ್ಲಿ ಆ ಹುಡುಗನ ಬೆನ್ನು ಹತ್ತಿ ಹೀಗೆ ಕೇಳುವವರು ಯಾರೂ ಇರಲಿಲ್ಲ. ನಾನೂ ಕೇಳಲಿಲ್ಲ.

ಪತ್ರ ಬರೆದ ಮಗಳೇ, ಮೂರು ತಿಂಗಳ ಮೇಲೆ ಇನ್ನೊಂದು ಪತ್ರ ಬರೆ. ಹೆಸರು ಹಾಕದಿದ್ದರೂ ಚಿಂತೆಯಿಲ್ಲ. "ಮುಗಿಸಿದೆ" ಎಂದು ಒಂದೇ ಮಾತು ಇದ್ದರೆ ನನಗೆ ಗುರುತು ಸಿಗುತ್ತದೆ.

ಮುಂದಿನ ಸಂಚಿಕೆಯಲ್ಲಿ, ಕೊಟ್ಟ ಮಾತಿನಂತೆ, ಮಳೆಗಾಲದ ಕಾಯಿಲೆಗಳು.

ನಿಮ್ಮ,
ಡಾಕ್ಟರ್ ಅಂಕಲ್